ಗೋಡೆಯಾಚೆಗೆ ಎಸೆದ ಮೀನಿನ ತಲೆಗಳು

ಒಮಾನಿನ ರುಸ್ತಾಕಿನಲ್ಲಿದ್ದ ನಮ್ಮ ಮನೆಯಲ್ಲಿ ಬೆಕ್ಕುಗಳಿಗೆ ಇದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದಾಳೆ ಎಂದು ಯಾರಾದರೂ ಅಂದುಕೊಂಡರೆ ತಪ್ಪಲ್ಲ, ಅದು ಹೊಟ್ಟೆಕಿಚ್ಚೇ. ಮೂರು ಬೆಕ್ಕುಗಳಿದ್ದವು. ಹಳದಿಯದ್ದು ಬಿಸ್ಕೆಟ್, ಬಿಳಿಯದ್ದು ರಾಣಿ, ಬೂದು ಬಣ್ಣದ ಕುಂಟನಿಗೆ ಕ್ಯಾಪ್ಟನ್ ಎಂದು ಹೆಸರು. ಯಾವುದೋ ಪಿಕಪ್ ಗಾಡಿ ಅದರ ಹಿಂಗಾಲಿನ ಮೇಲೆ ಹೋಗಿತ್ತು. ಅಂಗಳ ದಾಟುವಷ್ಟರಲ್ಲಿ ಮೂರು ಸಲ ಕೂತು ಸುಧಾರಿಸಿಕೊಳ್ಳುತ್ತಿತ್ತು. ಇಂಥದ್ದಕ್ಕೆ ಕ್ಯಾಪ್ಟನ್ ಎಂದು ಹೆಸರಿಟ್ಟವಳು ನನ್ನ ತಂಗಿ ನಿಮ್ಮಿ. ಅವಳಿಗೆ ಆಗ ಎಂಟು ಒಂಬತ್ತು ವರ್ಷ, ನನಗೆ ಹದಿಮೂರು ಹದಿನಾಲ್ಕು. ಊರಿನ ನನ್ನ ಅಜ್ಜಿ ಬೆಕ್ಕಿಗೆ ಪುಚ್ಚೆ ಎಂದೇ ಕರೆಯುತ್ತಿದ್ದಳು, ಅದೂ ಇಲಿ ಹಿಡಿದ ದಿನ ಮಾತ್ರ. ಇಲಿ ಹಿಡಿಯದ ಬೆಕ್ಕನ್ನು ಸಾಕುವುದು ಎಂದರೆ ಅಜ್ಜಿಯ ಲೆಕ್ಕದಲ್ಲಿ ತಲೆ ಕೆಟ್ಟವರ ಕೆಲಸ. ನಾನು ಅಜ್ಜಿಯ ಮನೆಯಲ್ಲಿ ಬೆಳೆದವಳು. ಹಾಗಾಗಿ ನಮ್ಮಪ್ಪನ ಮನೆಗೆ ಬಂದ ಮೊದಲ ದಿನವೇ, ಸ್ಟೀಲಿನ ಬಟ್ಟಲಲ್ಲಿ ಹಾಲು ಕುಡಿಯುತ್ತಿದ್ದ ಆ ಮೂರನ್ನೂ ಅವುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ನಿಮ್ಮಿಯನ್ನೂ ನೋಡಿ, ನಾಲ್ಕೂ ಒಂದೇ ಜಾತಿ ಎಂದು ತೀರ್ಮಾನ ಮಾಡಿದೆ.

ಅಪ್ಪ ಅಲ್ಲಿ ಅರಬರು ತೊಡುವ ದಿಶ್‌ದಾಶಾ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಕೋಟೆಯ ಹತ್ತಿರದ ಮಾರುಕಟ್ಟೆಯಲ್ಲಿ ಅಂಗಡಿ. ಮನೆ ಅಪ್ಪನ ಕಫೀಲನದ್ದು, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬನದ್ದು. ಮೊದಲು ಅವನು ಅಲ್ಲಿ ಆಡು ಕಟ್ಟುತ್ತಿದ್ದನಂತೆ, ಆಮೇಲೆ ನಮ್ಮನ್ನು ಕಟ್ಟಿದ. ಎರಡು ಕೋಣೆ, ಉದ್ದನೆಯ ಅಡಿಗೆಮನೆ, ಸಿಮೆಂಟಿನ ಅಂಗಳ, ಅಂಗಳದ ಮೂಲೆಯಲ್ಲಿ ಮೇವು ತುಂಬಿಸುತ್ತಿದ್ದ ಒಂದು ಕತ್ತಲೆ ಕೋಣೆ, ಸುತ್ತಲೂ ಆಳೆತ್ತರದ ಗೋಡೆ. ಗೋಡೆಯ ಹಿಂದೆ ಯಾರೂ ನೀರು ಬಿಡದೆ ಒಣಗಿದ ಖರ್ಜೂರದ ತೋಟ, ಅದರಾಚೆ ವಾದಿ. ವಾದಿ ಎಂದರೆ ವರ್ಷಕ್ಕೆ ಒಂದೆರಡು ಸಲ ಹುಚ್ಚು ಹಿಡಿದ ಹಾಗೆ ನೀರು ಬಂದು, ಉಳಿದ ದಿನವೆಲ್ಲ ಬರೀ ಕಲ್ಲು ಇರುವ ಹಳ್ಳ. ಆ ಕಲ್ಲುಗಳ ನಡುವೆ ನರಿಗಳಿದ್ದವು. ಊರಿನ ನರಿಯಷ್ಟು ದೊಡ್ಡವಲ್ಲ, ಮೈಯೆಲ್ಲ ಮರಳಿನ ಬಣ್ಣ, ತಲೆಗಿಂತ ದೊಡ್ಡ ಕಿವಿ. ನಾನು ಬರುವ ಮೊದಲೂ ಅವು ಅಲ್ಲಿದ್ದವು. ಆದರೆ ನಮ್ಮ ಗೋಡೆಯ ಬುಡಕ್ಕೆ ಬರುತ್ತಿರಲಿಲ್ಲ. ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ನನ್ನನ್ನು ಏಳನೆಯ ಕ್ಲಾಸು ಮುಗಿದ ಮೇಲೆ ಊರಿನಿಂದ ಕರೆಸಿಕೊಂಡರು. ಅಜ್ಜಿ ತೀರಿಹೋಗಿದ್ದಳು, ಬೇರೆ ದಾರಿ ಇರಲಿಲ್ಲ. ನನಗೂ ಶಾಲೆಯ ಯೂನಿಫಾರ್ಮು ಹೊಲಿಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಹೊಲಿಗೆಯವನೇ ಅಲ್ಲವೇ. ನಾನು ಬಂದ ಮೂರನೆಯ ದಿನ ಊಟ ಮಾಡುತ್ತಾ ಅಪ್ಪ, ಸಾರು ಚೆನ್ನಾಗಿದೆ ಎಂದು ಹೇಳುವ ಧ್ವನಿಯಲ್ಲಿ ಹೇಳಿದ:

“ಇವಳು ಕನ್ನಡ ಮೀಡಿಯಮ್ಮು. ಇಲ್ಲಿಯ ಶಾಲೆ ಇವಳಿಗೆ ಹಿಡಿಯುದಿಲ್ಲ. ಸುಮ್ಮನೆ ಫೇಲಾಗ್ಲಿಕ್ಕೆ ಎಂತಕ್ಕೆ ಕಳಿಸುದು? ನಿನಗೆ ಒಂದು ಕೈ ಸಹಾಯ ಆಯ್ತಲ್ಲ.”

ಅಮ್ಮ ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು, ಫ್ಯಾನಿನ ಗಾಳಿಗೂ. ನಿಮ್ಮಿ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಎರಡೂವರೆಗೆ ಬರುವವಳು. ಮನೆಯಲ್ಲಿ ನಾವು ತುಳು ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಅಪ್ಪನಿಗೆ ಅದು ಅರ್ಥವಾಗುತ್ತಿರಲಿಲ್ಲ, ಆದರೂ ಬಾಯಿ ಅಗಲಿಸಿ ನಗುತ್ತಿದ್ದ. ನನಗೂ ಅರ್ಥವಾಗುತ್ತಿರಲಿಲ್ಲ, ನಾನು ನಗುತ್ತಿರಲಿಲ್ಲ. ಒಮ್ಮೆ ಕ್ಯಾಪ್ಟನ್ನನ್ನು ನನ್ನ ಚಾಪೆಯಿಂದ ಕಾಲಿನಲ್ಲಿ ಸರಿಸಿದೆ. ಅವಳು ಓಡಿ ಬಂದು ಕೂಗಿದಳು:

“ಡೋಂಟ್ ಟಚ್ ಹಿಮ್! ಯೂ ಸ್ಮೆಲ್ ಆಫ್ ಫಿಶ್!”

ಅದರಲ್ಲಿ ‘ಸ್ಮೆಲ್’, ‘ಫಿಶ್’ ಎಂಬ ಎರಡು ಶಬ್ದ ನನಗೆ ಅರ್ಥವಾದವು.

ಮೀನಿನ ವಾಸನೆ ಬರುತ್ತಿದ್ದದ್ದು ನಿಜ. ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಮೀನು. ಸಮುದ್ರದ ಕಡೆಯಿಂದ ಮೀನಿನ ಪಿಕಪ್ ಹಾರ್ನ್ ಹಾಕುತ್ತಾ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಮೀನು ಕೊಂಡರೆ ಅಲ್ಲಿಯೇ ಕತ್ತರಿಸಿ, ತೊಳೆದು, ತಲೆ ಕರುಳು ತೆಗೆದು ಕೊಡುವವರು ಸಾಲಾಗಿ ಕೂತಿರುತ್ತಾರೆ. ಇಡೀ ಒಮಾನಿನ ಜನ ಹಾಗೆ ಮಾಡಿಸಿಕೊಂಡು ಹೋಗುತ್ತಾರೆ. ನಮ್ಮ ಅಮ್ಮನಿಗೆ ಅದು ಆಗದು.

“ಅವರು ಎಲ್ಲ ಮೀನನ್ನೂ ಒಂದೇ ನೀರಲ್ಲಿ ಮುಳುಗಿಸ್ತಾರೆ. ಬೂತಾಯಿಯ ರುಚಿ ಹೋಗ್ತದೆ. ನನ್ನ ಮೆಟ್ಟುಕತ್ತಿ ಉಂಟಲ್ಲ!”

ಮೆಟ್ಟುಕತ್ತಿಯನ್ನು ಊರಿನಿಂದ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಹಾಕಿ ತಂದಿದ್ದಳು. ಚಿನ್ನ ತಂದವರೂ ಅಷ್ಟು ಹೆಮ್ಮೆಪಡುವುದಿಲ್ಲ. ಅಂಗಳದ ನಲ್ಲಿಯ ಹತ್ತಿರ ಅದರ ಮಣೆಯ ಮೇಲೆ ಕಾಲು ಮಡಚಿ ಕೂತು ಬೂತಾಯಿಯ ಪರೆ ಕೆರೆಯಲು ಶುರುಮಾಡಿದರೆ, ಆ ಸದ್ದಿಗೆ ಮೂರೂ ಬೆಕ್ಕುಗಳು ಎಲ್ಲಿದ್ದರೂ ಬಂದು ಸಾಲಾಗಿ ಕೂರುತ್ತಿದ್ದವು. ಅವುಗಳ ಪಾಲಿಗೆ ನಾಲ್ಕೈದು ತಲೆ. ಉಳಿದ ತಲೆ, ಕರುಳು, ಕಿವಿರು ಎಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ. ಆ ಚೀಲವನ್ನು ರಸ್ತೆಯ ತಿರುವಿನಲ್ಲಿ ಮಸೀದಿಯ ಪಕ್ಕ ಇದ್ದ ಮುನಿಸಿಪಾಲಿಟಿಯ ದೊಡ್ಡ ತೊಟ್ಟಿಗೆ ಹಾಕಿ ಬರುವುದು ನನ್ನ ಕೆಲಸ. ಹತ್ತು ನಿಮಿಷದ ದಾರಿ. ಅಮ್ಮ ಮೀನು ಮುಗಿಸುವಾಗ ಸರಿಯಾಗಿ ಎರಡೂ ಕಾಲು ಆಗುತ್ತಿತ್ತು. ಶಾಲೆಯ ಬಸ್ಸು ನಿಲ್ಲುತ್ತಿದ್ದದ್ದು ಅದೇ ತಿರುವಿನಲ್ಲಿ.

ಒಂದು ಸಲ ಮಾತ್ರ ನಾನು ಬಸ್ಸಿನ ಮಕ್ಕಳ ಕಣ್ಣಿಗೆ ಬಿದ್ದದ್ದು. ಅಮ್ಮನ ಹಳೆಯ ನೈಟಿ, ಅದರ ಮೇಲೊಂದು ಶಾಲು, ಕೈಯಲ್ಲಿ ತಳದಿಂದ ತೊಟ್ಟಿಕ್ಕುವ ಚೀಲ. ಬಸ್ಸಿನ ಬಾಗಿಲು ತೆರೆಯಿತು. ನನ್ನ ವಯಸ್ಸಿನ ಹುಡುಗಿಯರು, ನೀಲಿ ಲಂಗ, ಬಿಳಿ ಅಂಗಿ, ಎರಡು ಜಡೆ. ಒಬ್ಬಳು ಮೂಗು ಹಿಡಿದಳು, ಎಲ್ಲರೂ ಹಿಡಿದರು. ನಿಮ್ಮಿ ಅವರ ಹಿಂದೆ ಇಳಿದಳು. ಯಾರೋ ಅವಳ ಹತ್ತಿರ ಏನೋ ಕೇಳಿದರು. ನನ್ನ ಕಡೆ ನೋಡಿ, ನೋಡದ ಹಾಗೆ ಮಾಡಿ ಅವಳು ಹೇಳಿದ ಉತ್ತರದಲ್ಲಿ ನನಗೆ ತಿಳಿದದ್ದು ‘ಮೇಡ್’ ಎಂಬ ಒಂದು ಶಬ್ದ. ಮನೆಯ ಕೆಲಸದವಳು. ಎಂಟು ವರ್ಷದ ಮಗುವಿಗೆ ನಾಚಿಕೆಯಾಯಿತು, ಬಾಯಿಗೆ ಬಂದದ್ದು ಹೇಳಿತು. ಈಗ ನನಗೆ ಇದು ತಿಳಿಯುತ್ತದೆ. ಆಗ ತಿಳಿಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಆಗಲೂ ತಿಳಿದಿತ್ತು. ಮರುದಿನದಿಂದ ನಾನು ಚೀಲ ಹಿಡಿದು ಹೊರಗೆ ಹೋಗಿ, ಮನೆಯ ಹಿಂಬದಿಗೆ ತಿರುಗಿ, ಗೋಡೆಯ ಬುಡದಲ್ಲಿ ಎಲ್ಲವನ್ನೂ ಸುರಿದು, ಖರ್ಜೂರದ ಒಣ ಗರಿ ಎಳೆದು ಮುಚ್ಚುತ್ತಿದ್ದೆ. ಮತ್ತೆ ಹತ್ತು ನಿಮಿಷ ನೆರಳಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುತ್ತಿದ್ದೆ.

“ಹಾಕಿದ್ಯಾ?”

“ಹಾಕಿದೆ.”

“ಮುಚ್ಚಳ ಹಾಕಿದ್ಯಾ?”

“ಹಾಕಿದೆ ಅಂದೆನಲ್ಲ.”

ಹೀಗೆ ವಾರಕ್ಕೆ ನಾಲ್ಕು ದಿನ.

ಬಿಸ್ಕೆಟ್ ಹೋದದ್ದು ಮೊದಲು. ಒಂದು ಬೆಳಿಗ್ಗೆ ಹಾಲಿಗೆ ಎರಡೇ ಬಂದವು. ಸಂಜೆ ಅಪ್ಪ ತೋಟದಲ್ಲಿ ಹಳದಿ ಕೂದಲಿನ ಒಂದು ಗುಪ್ಪೆ ನೋಡಿ ಬಂದ. ನಿಮ್ಮಿ ಎರಡು ದಿನ ಅತ್ತಳು. ಅಮ್ಮ ಉಳಿದ ಎರಡು ಬೆಕ್ಕುಗಳನ್ನು ಹೊಸ್ತಿಲಲ್ಲಿ ಕೂರಿಸಿ, ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕಿ ದೃಷ್ಟಿ ತೆಗೆದಳು. ಮೆಣಸಿನ ಹೊಗೆಗೆ ರಾಣಿ ಸೀನಿತು. “ನೋಡು, ಎಷ್ಟು ದೃಷ್ಟಿ ಇತ್ತು,” ಎಂದಳು ಅಮ್ಮ. ನನಗೆ ಜ್ವರ ಬಂದಾಗ ಒಂದು ಮಾತ್ರೆ ಕೊಟ್ಟು ಪಾತ್ರೆ ತೊಳೆಯಲು ಹೇಳಿದವಳು ಇವಳು.

ಅಪ್ಪನ ಉಪಾಯಗಳು ಇನ್ನೂ ದೊಡ್ಡವು. ಅಂಗಡಿಯಲ್ಲಿ ಉಳಿದ ದಿಶ್‌ದಾಶಾದ ಬಿಳಿ ಬಟ್ಟೆಯ ತುಂಡುಗಳನ್ನು ತಂದು ಗೋಡೆಯ ಮೇಲೆ ಕೋಲು ನೆಟ್ಟು ಸಾಲಾಗಿ ಕಟ್ಟಿದ. ಗಾಳಿಗೆ ಪಟಪಟ ಹೊಡೆದುಕೊಂಡರೆ ನರಿ ಹೆದರುತ್ತದಂತೆ. ನೋಡಿದವರಿಗೆ ನಾವು ನರಿಗಳಿಗೆ ಶರಣಾಗಿ ಬಿಳಿ ಬಾವುಟ ಹಾರಿಸಿದ ಹಾಗೆ ಕಾಣುತ್ತಿತ್ತು. ಆಮೇಲೆ ಯಾರೋ ಮನುಷ್ಯರ ಕೂದಲಿನ ವಾಸನೆಗೆ ನರಿ ಬರುವುದಿಲ್ಲ ಎಂದರು. ಪಕ್ಕದ ಸಲೂನಿನಿಂದ ಒಂದು ಗೋಣಿ ಕೂದಲು ಹೊತ್ತು ತಂದು ಅಂಗಳದಲ್ಲೇ ನಿಂತು ಗೋಡೆಯ ಆಚೆಗೆಲ್ಲ ಚೆಲ್ಲಿದ. ಆ ರಾತ್ರಿ ಗಾಳಿ ಬೀಸಿತು. ಬೆಳಿಗ್ಗೆ ಅಂಗಳದಲ್ಲಿ, ನೀರಿನ ಡ್ರಮ್ಮಿನಲ್ಲಿ, ಒಣಹಾಕಿದ ಹಪ್ಪಳದ ಮೇಲೆ, ಎಲ್ಲ ಕಡೆ ರುಸ್ತಾಕಿನ ಗಂಡಸರ ಕೂದಲು.

“ಇದೆಂತದ್ದು ಮಾರಾಯ್ರೇ! ಅನ್ನದಲ್ಲಿ ಗಡ್ಡ ಸಿಕ್ತದೆ!” ಎಂದು ಅಮ್ಮ ಕೂಗಿದಳು.

“ನರಿ ಬಂತಾ? ಬರ್ಲಿಲ್ಲ ಅಲ್ಲಾ? ಮತ್ತೆ?” ಎಂದ ಅಪ್ಪ.

ನರಿ ಬಂದಿತ್ತು. ನಾನು ನೋಡಿದ್ದೆ. ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ತಾರಸಿಗೆ ಹೋಗಿ ಒಣಗಿದ ಬಟ್ಟೆ ತರುವುದು ನನ್ನ ಕೆಲಸ. ಅಲ್ಲಿಂದ ಗೋಡೆಯ ಆಚೆ ಕಾಣುತ್ತಿತ್ತು. ಎರಡು ನರಿಗಳು ಬಂದು, ಕೂದಲಿನ ಮೇಲೆಯೇ ನಡೆದು, ನಾನು ಮುಚ್ಚಿದ ಗರಿಗಳನ್ನು ಮೂಗಿನಿಂದ ಸರಿಸಿ, ನಿಧಾನವಾಗಿ ಬೂತಾಯಿಯ ತಲೆ ತಿನ್ನುತ್ತಿದ್ದವು. ಅವುಗಳಿಗೆ ನಮ್ಮ ಬೆಕ್ಕುಗಳಿಗಿಂತ ಹೆಚ್ಚು ಶಿಸ್ತಿತ್ತು. ಕೆಳಗೆ ಅಪ್ಪ ಬಾವುಟ ಸರಿಮಾಡುತ್ತಿದ್ದ. ನಾನು ಬಟ್ಟೆ ಮಡಚಿಕೊಂಡು ಕೆಳಗಿಳಿದೆ. ಈ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿರುವುದು ನನಗೊಬ್ಬಳಿಗೇ, ಏಳನೆಯ ಕ್ಲಾಸು ಓದಿದವಳಿಗೆ! ಆ ಸಂತೋಷವನ್ನು ಸುಳ್ಳು ಎಂದು ಹೇಳಲಾರೆ. ಬೆಕ್ಕುಗಳು ಹೋದರೆ ಹೋಗಲಿ ಎಂದೂ ಅನ್ನಿಸಿತ್ತು.

ರಾಣಿಯೂ ಹೋಯಿತು. ಆಮೇಲೆ ಒಂದು ದಿನ ಪಕ್ಕದ ಮನೆಯ ಮುದುಕಿ, ಉಮ್ಮ್ ಸಾಲಿಂ, ತಟ್ಟೆಯಲ್ಲಿ ಖರ್ಜೂರ ಹಿಡಿದು ಬಂದವಳು ಒಳಗೆ ಬರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು. ಕೋಲಿನಿಂದ ಗರಿ ಸರಿಸಿದಳು. ನೊಣಗಳು ಎದ್ದವು.

“ಸಮಕ್,” ಎಂದಳು. ಮೀನು. ಕೋಲನ್ನು ವಾದಿಯ ಕಡೆ ಚಾಚಿ, “ಥಾಲಬ್,” ಎಂದಳು. ನರಿ. ಆಮೇಲೆ ಎರಡು ಬೆರಳನ್ನು ಬೆಕ್ಕಿನ ಕಿವಿಯ ಹಾಗೆ ತಲೆಯ ಮೇಲಿಟ್ಟು ತೋರಿಸಿ, ಕೈ ಕೊಡವಿದಳು. “ಖಲಾಸ್.”

“ಮಾಫಿ ಮಾಲೂಮ್,” ಎಂದೆ. ಗೊತ್ತಿಲ್ಲ. ನನಗೆ ಬರುತ್ತಿದ್ದ ಅರಬ್ಬಿ ಅಷ್ಟೇ, ಅದೂ ಸುಳ್ಳು ಹೇಳಲಿಕ್ಕೆ ಬಳಕೆಯಾಯಿತು.

ಮುದುಕಿ ನನ್ನ ಮುಖವನ್ನೇ ನೋಡಿದಳು. “ಮಾಲೂಮ್. ಇಂತಿ ಮಾಲೂಮ್.” ನಿನಗೆ ಗೊತ್ತು.

ಅವಳು ನಮ್ಮ ಮನೆಯಲ್ಲಿ ಹೇಳಲಿಲ್ಲ. ಖರ್ಜೂರದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ಅದಕ್ಕಿಂತ ಹೊಡೆದಿದ್ದರೆ ವಾಸಿಯಿತ್ತು. ಎರಡು ದಿನ ನಾನು ತೊಟ್ಟಿಯವರೆಗೆ ಹೋಗಿ ಬಂದೆ, ಬಸ್ಸು ಬರುವ ಮೊದಲೇ ಓಡಿ. ಮೂರನೆಯ ದಿನ ದೂರದಿಂದ ಬಸ್ಸಿನ ಹಳದಿ ಕಾಣಿಸಿತು, ಅರ್ಧ ದಾರಿಯಲ್ಲೇ ತಿರುಗಿದೆ.

ಉಳಿದದ್ದು ಕ್ಯಾಪ್ಟನ್. ನಿಮ್ಮಿ ಈಗ ಯಾರನ್ನೂ ನಂಬುತ್ತಿರಲಿಲ್ಲ, ಅಪ್ಪನ ಬಾವುಟವನ್ನೂ ಅಮ್ಮನ ಮೆಣಸನ್ನೂ. ಆ ಮನೆಯಲ್ಲಿ ಬುದ್ಧಿಯಿಂದ ಯೋಚಿಸಿದವಳು ಅವಳೊಬ್ಬಳೇ ಎಂದು ಈಗ ಒಪ್ಪುತ್ತೇನೆ. ಮೇವಿನ ಕೋಣೆಯನ್ನು ತಾನೇ ಗುಡಿಸಿದಳು, ಹಳೆಯ ಗೋಣಿ ಹಾಸಿದಳು. ಪ್ರತಿದಿನ ಮಗ್ರಿಬ್ ಬಾಂಗು ಕೇಳಿದ ಕೂಡಲೇ ಕ್ಯಾಪ್ಟನ್ನನ್ನು ಎತ್ತಿಕೊಂಡು ಹೋಗಿ ಒಳಗೆ ಬಿಟ್ಟು, ಹೊರಗಿನಿಂದ ಕಬ್ಬಿಣದ ಕೊಂಡಿ ಹಾಕುತ್ತಿದ್ದಳು. ಕೊಂಡಿ ಎತ್ತರದಲ್ಲಿತ್ತು. ಬಕೆಟ್ ಮಗುಚಿ ಅದರ ಮೇಲೆ ಹತ್ತಬೇಕು. ಹತ್ತುತ್ತಿದ್ದಳು. ಕ್ಯಾಪ್ಟನ್ ಇದ್ದರೆ ಅವಳು ಉಣ್ಣುತ್ತಿದ್ದಳು, ಮಾತಾಡುತ್ತಿದ್ದಳು. ನನ್ನ ಹತ್ತಿರ ಕೂಡ ಒಂದು ಸಲ ತುಳುವಿನಲ್ಲೇ ಕೇಳಿದ್ದಳು:

“ಅಕ್ಕಾ, ಇವನೊಬ್ಬನಾದ್ರೂ ಉಳೀತಾನಲ್ಲ?”

“ಉಳಿದು ಎಂತ ಮಾಡ್ಲಿಕ್ಕುಂಟು ಅವನಿಗೆ? ಇಲಿ ಹಿಡೀತಾನಾ?” ಎಂದಿದ್ದೆ.

ಆ ದಿನವೂ ಬೂತಾಯಿಯೇ. ಸಂಜೆ ನಾನು ತಾರಸಿಗೆ ಹೋಗುವಾಗ ನಿಮ್ಮಿ ಬಕೆಟ್ಟಿನ ಮೇಲೆ ನಿಂತು ಕೊಂಡಿ ಹಾಕುತ್ತಿದ್ದದ್ದನ್ನು ಕಣ್ಣಾರೆ ಕಂಡೆ. ಕೊಂಡಿ ಬಿದ್ದ ಸದ್ದೂ ಕೇಳಿತು. ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಮೇವಿನ ಕೋಣೆಯ ಹಿಂದೆ ಗೋಡೆಯಾಚೆಗೆ ತೆರೆದಿದ್ದ ಗೂಡುಕಿಟಕಿಯಿಂದ ಬೂದು ಬಣ್ಣದ ಒಂದು ತಲೆ ಹೊರಗೆ ಬಂತು. ಅಷ್ಟು ಸಣ್ಣ ಗೂಡಿನಿಂದ ಆ ಕುಂಟ ಹೇಗೆ ನುಸುಳಿತೋ! ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ನನಗೇ ಮೂಗಿಗೆ ಬಡಿಯುತ್ತಿತ್ತು ವಾಸನೆ. ಕ್ಯಾಪ್ಟನ್ ನೇರವಾಗಿ ಗರಿಗಳ ಹತ್ತಿರ ಹೋಗಿ ತಿನ್ನತೊಡಗಿತು. ವಾದಿಯ ಕಡೆಯಿಂದ ನರಿಗಳು ಬರುತ್ತಿದ್ದವು. ಓಡುತ್ತಿರಲಿಲ್ಲ. ದಿನಾ ಬರುವ ಮನೆಗೆ ಬರುವ ಹಾಗೆ ಬರುತ್ತಿದ್ದವು.

ನಾನು ಕೂಗಬಹುದಿತ್ತು. ಕೈಯಲ್ಲಿದ್ದ ಬಟ್ಟೆ ಬೀಸಬಹುದಿತ್ತು, ತಾರಸಿಯಲ್ಲಿ ಕಲ್ಲಿದ್ದವು, ಇಟ್ಟಿಗೆ ಇತ್ತು. ಕೂಗಿದರೆ ಕೆಳಗಿನಿಂದ ಎಲ್ಲರೂ ಓಡಿ ಬರುತ್ತಾರೆ, ಗೋಡೆಯ ಹಿಂದೆ ನೋಡುತ್ತಾರೆ, ನನ್ನ ತಿಂಗಳುಗಟ್ಟಲೆಯ ಮೀನಿನ ತಲೆಗಳನ್ನು ನೋಡುತ್ತಾರೆ. ನಾಳೆಯಿಂದ ಎರಡೂವರೆಯ ಬಸ್ಸಿನ ಮುಂದೆ ಚೀಲ ಹಿಡಿದು ನಿಲ್ಲಬೇಕು. ಇಷ್ಟನ್ನೂ ಯೋಚಿಸುವಷ್ಟು ಹೊತ್ತು ಸಿಕ್ಕಿತು. ನಾನು ಒಂದು ಬಟ್ಟೆಯನ್ನು ಮಡಚಿದೆ. ಯಾವುದು ಎಂದು ಕೂಡ ನೆನಪಿದೆ, ನಿಮ್ಮಿಯ ಯೂನಿಫಾರ್ಮಿನ ಬಿಳಿ ಅಂಗಿ. ಕ್ಯಾಪ್ಟನ್ ಒಂದೇ ಒಂದು ಸಲ ಕೂಗಿತು. ಕುಂಟು ಕಾಲಿನಲ್ಲಿ ಎಷ್ಟು ಓಡೀತು.

ಸ್ವಲ್ಪ ಹೊತ್ತಿನಲ್ಲಿ ನಿಮ್ಮಿ ಹಾಲು ಹಿಡಿದು ಕೊಂಡಿ ತೆಗೆದು ಒಳಗೆ ಹೋದಳು. ಅವಳ ಕೂಗಿಗೆ ಅಪ್ಪ ಬಂದ. ಅವನು ಬಂದಾಗ ಬಾಗಿಲು ತೆರೆದಿತ್ತು, ಅಷ್ಟೇ ಸಾಕಾಯಿತು ಅವನಿಗೆ.

“ಕೊಂಡಿ ಹಾಕ್ಲಿಲ್ಲ ನೀನು! ಇಷ್ಟೆಲ್ಲ ನಾನು ಮಾಡಿ, ಒಂದು ಕೊಂಡಿ ಹಾಕ್ಲಿಕ್ಕೆ ಆಗ್ಲಿಲ್ವಾ ನಿನ್ನಿಂದ?”

“ಹಾಕಿದ್ದೆ... ಹಾಕಿದ್ದೆ ಪಪ್ಪಾ... ಐ ಥಿಂಕ್...”

“ಹಾಕಿದ್ರೆ ಹೇಗೆ ಹೋಯ್ತು? ಗಾಳಿಯಾಗಿ ಹೋಯ್ತಾ?”

ಅವಳು ನನ್ನ ಕಡೆ ನೋಡಿದಳು. ಬಕೆಟ್ಟಿನ ಮೇಲೆ ನಿಂತಾಗ ನಾನು ಮೆಟ್ಟಿಲಲ್ಲಿದ್ದದ್ದು ಅವಳಿಗೆ ಗೊತ್ತಿತ್ತು. “ಅಕ್ಕಾ, ನೀನು ನೋಡಿದ್ಯಲ್ಲ? ನಾನು ಹಾಕಿದ್ದೆ ಅಲ್ವಾ?”

“ನಾನು ನೋಡ್ಲಿಲ್ಲ,” ಎಂದೆ.

ನಿಮ್ಮಿಗೆ ನಾಲ್ಕು ದಿನ ಜ್ವರ. ಜ್ವರ ಬಿಟ್ಟ ಮೇಲೆ ಅಮ್ಮ ಬೂತಾಯಿ ಪುಳಿಮುಂಚಿ ಬಡಿಸಿದರೆ ತಟ್ಟೆ ದೂಡಿದಳು. ಅವಳು ಅಂದು ಬಿಟ್ಟ ಮೀನನ್ನು ಇವತ್ತಿಗೂ ಮುಟ್ಟಿಲ್ಲ. ಬೆಕ್ಕು ಇಲ್ಲದ ಮೇಲೆ ಅಪ್ಪ ಬಾವುಟ ಕಿತ್ತ. ನಾನು ಚೀಲವನ್ನು ತೊಟ್ಟಿಗೇ ಹಾಕತೊಡಗಿದೆ. ಯಾಕೆಂದರೆ ನರಿಗಳು ಈಗ ಹಗಲಲ್ಲೂ ಬರುತ್ತಿದ್ದವು, ನನಗೆ ಹೆದರಿಕೆಯಾಗಿತ್ತು. ಪಶ್ಚಾತ್ತಾಪ ಎಂದು ದೊಡ್ಡ ಹೆಸರು ಕೊಡುವುದು ಬೇಡ.

ಈಗ ನಾನು ಒಮಾನಿನಲ್ಲೇ, ಅಲ್ ಖೌದ್ ಎಂಬ ಊರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ನೋಡಿಕೊಂಡಿದ್ದೇನೆ. ನಿಮ್ಮಿ ಸೂರ್‌ನಲ್ಲಿ. ಗಂಡ ಗ್ಯಾಸ್ ಪ್ಲಾಂಟಿನಲ್ಲಿದ್ದಾನೆ, ಮೂರನೆಯ ಮಹಡಿಯ ಫ್ಲಾಟು. ಅವಳೊಂದು ಬೆಕ್ಕು ಸಾಕಿದ್ದಾಳೆ. ಅದು ನೆಲವನ್ನು ಮುಟ್ಟಿದ್ದಿಲ್ಲ. ಕಿಟಕಿಗಳಿಗೆ ಎರಡು ಪದರ ಜಾಲರಿ, ಬಾಲ್ಕನಿಗೆ ಬಲೆ. ಮೂರನೆಯ ಮಹಡಿಗೆ ಯಾವ ನರಿ ಬರುತ್ತದೆ ಎಂದು ಅವಳ ಮಗಳೇ ನಗುತ್ತಾಳೆ. ಮಗ್ರಿಬ್ ಬಾಂಗು ಆದ ಕೂಡಲೇ ನಿಮ್ಮಿ ಎದ್ದು ಮನೆಯ ಎಲ್ಲ ಚಿಲಕಗಳನ್ನು ಮುಟ್ಟಿ ನೋಡುತ್ತಾಳೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮಾತಿನ ನಡುವೆ ಎದ್ದು ಹೋಗುತ್ತಾಳೆ, ಒಲೆಯ ಮೇಲೆ ಹಾಲಿಟ್ಟು ಹೋಗುತ್ತಾಳೆ. “ನನ್ನ ಕೈ ಒಂದು ಸಲ ತಪ್ಪಿದೆ ಅಕ್ಕ, ನನಗೆ ನನ್ನ ಕೈಯ ಮೇಲೆ ನಂಬಿಕೆ ಇಲ್ಲ,” ಎಂದು ಹಿಂದಿನ ಸಲ ಹೋದಾಗ ಹೇಳಿದಳು. ಅವಳು ನಲವತ್ತರ ಹತ್ತಿರ ಬಂದಿದ್ದಾಳೆ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಆ ದಿನ ನಾನು ಅವಳ ಗಂಡನಿಗೆಂದು ಸೂರ್ ಬಂದರಿನ ಬೂತಾಯಿ ತಂದು, ಅವಳ ಅಡಿಗೆಮನೆಯ ಸಿಂಕಿನಲ್ಲಿ ಶುಚಿ ಮಾಡುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ವಾಸನೆಗೆ ಒಳಗೆ ಬರುವುದಿಲ್ಲ. ಬೆನ್ನು ಹಾಕಿಕೊಂಡೇ ಹೇಳಿದೆ. ಬಸ್ಸು, ಚೀಲ, ಗೋಡೆ, ಗರಿ, ಗೂಡುಕಿಟಕಿ, ಎಲ್ಲವನ್ನೂ. ಒಂದು ಮೀನಿನ ಪರೆಯನ್ನು ಹತ್ತು ಸಲ ಕೆರೆದೆನೋ ಏನೋ. ಅವಳು ಇಂಗ್ಲಿಷಿನಲ್ಲಿ ಬೈಯುತ್ತಾಳೆ ಎಂದು ಕಾದೆ. ಅಷ್ಟು ಇಂಗ್ಲಿಷು ಈಗ ನನಗೂ ಬರುತ್ತದೆ.

“ಹಾಗಾದ್ರೆ ನಾನು ಕೊಂಡಿ ಹಾಕಿದ್ದೆನಾ?”

“ಹಾಕಿದ್ದಿ.”

“ನೀನು ನೋಡಿದ್ದಿ.”

“ನೋಡಿದ್ದೆ.”

“ನರಿ ಬರುದನ್ನೂ ನೋಡಿದ್ದಿ.”

“ಹೌದು.”

ಅವಳು ಒಳಗೆ ಬಂದಳು. ಅಷ್ಟು ವರ್ಷಗಳ ನಂತರ ಮೀನಿನ ಹತ್ತಿರ ಬಂದದ್ದು. ಸಿಂಕಿನ ಪಕ್ಕ ಇದ್ದ ತಲೆ ಕರುಳಿನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ಕೊಟ್ಟಳು. ಆ ಕಟ್ಟಡದಲ್ಲಿ ಕಸವನ್ನು ಬಾಗಿಲ ಹೊರಗಿಟ್ಟರೆ ಸಾಕು, ಕಾವಲಿನವನು ಒಯ್ಯುತ್ತಾನೆ.

“ಹೋಗು, ತೊಟ್ಟಿಗೆ ಹಾಕಿ ಬಾ.”

ತೊಟ್ಟಿ ರಸ್ತೆಯ ಆಚೆ ಇತ್ತು. ನಾನು ಮನೆಯ ನೈಟಿಯಲ್ಲೇ ಶಾಲು ಹೊದ್ದು ಇಳಿದೆ. ಶಾಲೆಯ ಬಸ್ಸು ಬಂದು ನಿಂತಿತ್ತು. ಹುಡುಗಿಯರು ಇಳಿಯುತ್ತಿದ್ದರು, ಅವರಲ್ಲಿ ನಿಮ್ಮಿಯ ಮಗಳೂ ಇದ್ದಳು. ಚೀಲದ ತಳದಿಂದ ನೀರು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಬ್ಬಳು ಮೂಗು ಹಿಡಿದಳು. ನಾನು ಅವರ ನಡುವೆಯೇ ಹಾದು ಹೋಗಿ ಚೀಲವನ್ನು ತೊಟ್ಟಿಗೆ ಹಾಕಿ ತಿರುಗಿದೆ. ಮೂರನೆಯ ಮಹಡಿಯಲ್ಲಿ, ಬಾಲ್ಕನಿಯ ಬಲೆಯ ಹಿಂದೆ ನಿಮ್ಮಿ ನಿಂತಿದ್ದಳು. ನಾನು ಮನೆಯಿಂದ ಇಳಿದಾಗಿನಿಂದಲೂ ನಿಂತಿದ್ದಿರಬೇಕು.

“ಮುಚ್ಚಳ ಹಾಕು!” ಎಂದು ಇಡೀ ರಸ್ತೆಗೆ ಕೇಳುವ ಹಾಗೆ ತುಳುವಿನಲ್ಲಿ ಕೂಗಿದಳು.

ಹಾಕಿದೆ. ಅವಳು ಅದನ್ನು ನೋಡಿದ ಮೇಲೆಯೇ ಒಳಗೆ ಹೋದಳು.